ಅನಂತಗಳಲ್ಲಿಯೂ ಭೇದವುಂಟೇ?

ಚನ್ನರಾಯಪಟ್ಟಣದ ಓದುಗ:
ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿ ಹತ್ತುವಾಗ ಹಿರಿಯರೊಬ್ಬರು, ಜೈನ ದಾರ್ಶನಿಕರು ಸಂಖ್ಯೆಗಳನ್ನು ಸಂಖ್ಯಾತ (ಎಣಿಸಬಹುದಾದದ್ದು), ಅಸಂಖ್ಯಾತ (ಎಣಿಕೆಗೆ ಸಿಗದದ್ದು), ಅನಂತ (ಕೊನೆಯಿಲ್ಲದ್ದು) ಎಂದು ವಿಂಗಡಿಸಿ, ಅನಂತದಲ್ಲಿಯೂ ಪ್ರಭೇದಗಳನ್ನು ಒಪ್ಪಿದ್ದರೆಂದರು. ಆಧುನಿಕ ಗಣಿತದ ಅನಂತವೂ ಇದೇ ಎನ್ನಬಹುದೇ?

ಗಣಿತ ಶಿಕ್ಷಕಿ, ಹಾಸನ:
ಹಾಗೆನ್ನುವುದು ಆತುರವಾದೀತು. ಲೋಕದ ವಿಸ್ತಾರ, ಕಾಲ, ಜೀವರಾಶಿ ಇವುಗಳನ್ನು ಎಣಿಸಬೇಕೆಂಬ ತಾತ್ತ್ವಿಕ ಅಗತ್ಯದಿಂದ ಜೈನರ ವಿಂಗಡಣೆ ಹುಟ್ಟಿತು. ಜರ್ಮನಿಯ ಗಣಿತಜ್ಞ ಕ್ಯಾಂಟರ್ ಆದರೋ, ವಾಸ್ತವ ಸಂಖ್ಯೆಗಳನ್ನು (ಸಂಖ್ಯಾರೇಖೆಯ ಮೇಲಿನ ಎಲ್ಲ ಸಂಖ್ಯೆಗಳನ್ನು) 1, 2, 3 ಎಂಬ ಎಣಿಕೆಯ ಸಂಖ್ಯೆಗಳೊಂದಿಗೆ ಒಂದಕ್ಕೊಂದರಂತೆ ಜೋಡಿಸಲು ಸಾಧ್ಯವೇ ಇಲ್ಲವೆಂದು 1874ರಲ್ಲಿ ಸಾಧಿಸಿ ತೋರಿಸಿದನು; ಎಂದರೆ ಎರಡೂ ಅನಂತವಾದರೂ ವಾಸ್ತವ ಸಂಖ್ಯೆಗಳ ಅನಂತವೇ ದೊಡ್ಡದು. ಹೆಸರು ಹೋಲುತ್ತದೆ, ಸಾಧನೆಯ ಮಾರ್ಗ ಬೇರೆ. ಆದರೂ ಅನಂತವೆಲ್ಲ ಒಂದೇ ಅಲ್ಲವೆಂಬ ಜೈನರ ಊಹೆಯೇ ಅಸಾಮಾನ್ಯ.

ಅರಸೀಕೆರೆಯಿಂದ:
ಶಿಕ್ಷಕಿಯವರ ಮಾತು ಸರಿ. ಆದರೆ ಆ ತತ್ತ್ವಚಿಂತನೆ ಬರಿಯ ಕಲ್ಪನೆಯಾಗಿ ಉಳಿಯಲಿಲ್ಲ. 9ನೆಯ ಶತಮಾನದ ಜೈನ ವಿದ್ವಾಂಸ ವೀರಸೇನಾಚಾರ್ಯರು ಬಳಸಿದ ‘ಅರ್ಧಚ್ಛೇದ’ವನ್ನು ನೋಡಿ: 32ನ್ನು 1 ಬರುವವರೆಗೆ ಐದು ಬಾರಿ ಅರ್ಧಿಸಬಹುದಾದ್ದರಿಂದ ಅದರ ಅರ್ಧಚ್ಛೇದ 5. ನಾವು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ, ಆಧಾರ 2 ಇರುವ ಲಾಗರಿದಮ್ (2ರ ಎಷ್ಟನೆಯ ಘಾತ ಆ ಸಂಖ್ಯೆಯೆಂಬ ಲೆಕ್ಕ) ಇದೇ ಅಲ್ಲವೇ?

ಚನ್ನರಾಯಪಟ್ಟಣದ ಓದುಗ:
ಧನ್ಯವಾದಗಳು. 64ಕ್ಕೆ 6 ಬಂದಿತು; ಆದರೆ 48 ನಾಲ್ಕು ಬಾರಿ ಅರ್ಧವಾಗಿ 3ರಲ್ಲಿ ನಿಂತುಬಿಟ್ಟಿತು. ಹಾಗಾದರೆ ಲಾಗರಿದಮ್‌ನ ಹೋಲಿಕೆ 2, 4, 8ರಂತಹ 2ರ ಘಾತಗಳಿಗೆ ಮಾತ್ರವೆನ್ನಬೇಕು.