ಹ್ಯಾಲೊವೀನ್‌ಗೆ ಕನ್ನಡದಲ್ಲಿ ಹೆದರಿಸುವ ಪದ್ಯ: ಮಕ್ಕಳಿಂದ ಬರೆಸುವುದು ಹೇಗೆ?

ನ್ಯೂಜೆರ್ಸಿಯಿಂದ ಪ್ರಶ್ನೆ: ನಮ್ಮ ವಾರಾಂತ್ಯದ ಕನ್ನಡ ತರಗತಿಯಲ್ಲಿ ಎಂಟು-ಹತ್ತು ವರ್ಷದ ಮಕ್ಕಳಿದ್ದಾರೆ. ಅಕ್ಟೋಬರ್ 31ಕ್ಕೆ ದೆವ್ವದ ಪದ್ಯ ಬರೆಯಬೇಕಂತೆ. ಮರುದಿನವೇ ರಾಜ್ಯೋತ್ಸವ, ಅಲ್ಲಿ ಓದಿಸೋಣ ಅಂತ ನಾನೂ ಒಪ್ಪಿದೆ. ಆದರೆ ಎಲ್ಲರದ್ದೂ ‘ದೆವ್ವ ಬಂತು, ನಾನು ಓಡಿದೆ’ ಅಂತಲೇ ಆಗುತ್ತಿದೆ. ಏನು ಮಾಡಲಿ?

ಡಲ್ಲಾಸ್‌ನಿಂದ: ಮೊದಲು ಆ ದೆವ್ವಕ್ಕೇ ಕತ್ತರಿ ಹಾಕಿ ಮೇಡಂ. ದೆವ್ವ, ಭೂತ, ಪಿಶಾಚಿ, ಭಯ, ಈ ಪದಗಳೇ ಬೇಡ. ಹೆಸರು ಹೇಳಿಬಿಟ್ಟ ಮೇಲೆ ಹೆದರಿಸುವುದಕ್ಕೆ ಏನು ಉಳಿಯಿತು? ನಾನು ಸದ್ದಿನಿಂದ ಶುರು ಮಾಡಿಸುತ್ತೇನೆ. ಕಿರ್ರ್, ಸರಸರ, ಟಪ್ ಟಪ್, ಗುಂಯ್... ಕನ್ನಡದಲ್ಲಿ ಇವಕ್ಕೇನು ಬರವೇ? ಕನ್ನಡ ಅಷ್ಟಾಗಿ ಬಾರದ ಮಕ್ಕಳೇ ಇದರಲ್ಲಿ ಜಾಸ್ತಿ ಗಲಾಟೆ ಮಾಡುತ್ತಾರೆ. ಆಮೇಲೆ ಕೇಳುತ್ತೇನೆ, ಈ ಸದ್ದು ಮಾಡಿದ್ದು ಯಾರು? ಉತ್ತರ ಮನಸ್ಸಿನಲ್ಲೇ ಇರಬೇಕು, ಪದ್ಯದಲ್ಲಿ ಬರಬಾರದು. ಬಾಗಿಲು, ಮೆಟ್ಟಿಲು, ಕೆತ್ತಿಟ್ಟ ಕುಂಬಳಕಾಯಿ, ಇಂಥವು ಮಾತ್ರ ಬರಲಿ. ನಮ್ಮ ತರಗತಿಯ ಹುಡುಗಿಯೊಬ್ಬಳು ಬರೆದದ್ದು ನೋಡಿ:

ಕಿರ್ರ್ ಅಂತು ಬಾಗಿಲು.
ಗಾಳಿ ಇಲ್ಲ, ಯಾರೂ ಇಲ್ಲ.
ಮೆಟ್ಟಿಲ ಮೇಲೆ ಕುಂಬಳಕಾಯಿ.
ಬೆಳಿಗ್ಗೆ ಅದರ ಮುಖ ಬೀದಿ ಕಡೆ,
ಈಗ ನಮ್ಮ ಕಡೆ.

ಕೊನೇ ಸಾಲಿಗೆ ಎಲ್ಲರೂ ಗಪ್‌ಚುಪ್.

ಲಂಡನ್‌ನಿಂದ: ಅಕ್ಕ ಹೇಳಿದ್ದು ಸರಿ. ಪ್ರಾಸದ ಬಗ್ಗೆಯೂ ಒಂದು ಮಾತು. ಬಂತು, ನಿಂತು, ಹೋಯಿತು, ಆಯಿತು... ನಮಗೆ ಪ್ರಾಸ ಪುಕ್ಕಟೆ ಸಿಗುತ್ತದೆ, ಅದಕ್ಕೇ ಪದ್ಯ ಸಪ್ಪೆ. ಸಾಲಿನ ಕೊನೆಗೆ ಕ್ರಿಯಾಪದ ಬೇಡ ಅಂದುನೋಡಿ. ‘ಬಂತು ಗಾಳಿ’ ಅಂತ ತಿರುಗಿಸಿ ಬರೆಯುತ್ತಾರೆ, ಲಯ ತಾನಾಗಿ ಬರುತ್ತದೆ. ಇನ್ನೊಂದು, ಇಲ್ಲಿ ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಹ್ಯಾಲೊವೀನ್ ದಿನ ಐದಕ್ಕೆ ಮೊದಲೇ ಸೂರ್ಯ ಮುಳುಗಿರುತ್ತಾನೆ. ಮಕ್ಕಳನ್ನು ಹಿತ್ತಲಲ್ಲಿ ಸುಮ್ನೆ ನಿಲ್ಲಿಸಿ, ಕಿವಿಗೆ ಬಿದ್ದದ್ದನ್ನೆಲ್ಲ ಬರೆಸುತ್ತೇನೆ.

ಬೆಂಗಳೂರಿನಿಂದ: ನಮ್ಮ ‘ನಾಳೆ ಬಾ’ ಮರೆತುಬಿಟ್ಟಿರಾ? ರಾತ್ರಿ ಬಾಗಿಲು ಬಡಿಯುವ ದೆವ್ವ ಓದಿಕೊಂಡು ವಾಪಸ್ ಹೋಗಲಿ ಅಂತ ಒಂದು ಕಾಲದಲ್ಲಿ ಬಾಗಿಲ ಮೇಲೆಲ್ಲ ಬರೆದಿರುತ್ತಿದ್ದರು. ನಿಮ್ಮ ಹಬ್ಬವೂ ಬಾಗಿಲು ಬಡಿಯುವುದೇ ಅಲ್ವಾ? ಅದನ್ನೇ ಪಲ್ಲವಿ ಮಾಡಿ. ಪ್ರತಿ ನುಡಿಗೂ ಒಬ್ಬೊಬ್ಬರು ಬಾಗಿಲಿಗೆ ಬರಲಿ, ಕೊನೆಗೆ ‘ನಾಳೆ ಬಾ’. ಚಿಕ್ಕವರಿದ್ದರೆ ಮಾತ್ರ, ದೆವ್ವ ಅಮ್ಮನ ದನಿಯಲ್ಲಿ ಕರೆಯುವ ಭಾಗ ಬಿಟ್ಟುಬಿಡಿ. ಇಲ್ಲಾಂದರೆ ನೀವೇ ಬಾಗಿಲು ತಟ್ಟಿದರೂ ತೆಗೆಯುವುದಿಲ್ಲ.