1962ರ ಚೇಂಬರ್ಲಿನ್ ಇಂದಿನ ಅಂಗಣದಲ್ಲಿ ಎಷ್ಟು ಅಂಕ ಗಳಿಸಿಯಾರು?

ನಸುಕಿನ ವೀಕ್ಷಕ (ಮೈಸೂರು) ಕೇಳಿದ್ದು:

ಮಾನ್ಯರೇ, ನಮ್ಮ ಮನೆಯಲ್ಲಿ ಒಂದು ತಿಂಗಳಿನಿಂದ ಇತ್ಯರ್ಥವಾಗದೆ ಉಳಿದಿರುವ ವಾದವೊಂದನ್ನು ತಮ್ಮ ಮುಂದಿಡುತ್ತಿದ್ದೇನೆ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಪಂದ್ಯಗಳು ನಮ್ಮಲ್ಲಿ ಬೆಳಗಿನ ಜಾವ ಪ್ರಸಾರವಾಗುವುದರಿಂದ, ಪಿಯುಸಿ ಓದುತ್ತಿರುವ ನನ್ನ ಮಗನೂ ನಾನೂ ಐದೂವರೆಗೇ ಎದ್ದು, ಮನೆಯವರ ನಿದ್ದೆ ಕೆಡದಂತೆ ಟಿವಿಯ ಸದ್ದು ತಗ್ಗಿಸಿ ನೋಡುವುದು ರೂಢಿ. ಹಾಗೆ ಒಂದು ದಿನ ಇಂದಿನ ತಾರೆ ನಿಕೊಲಾ ಯೋಕಿಚ್ ಅವರ ಆಟ ನೋಡುತ್ತಿದ್ದಾಗ, ವಿಲ್ಟ್ ಚೇಂಬರ್ಲಿನ್ ಅವರು 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ್ದ ಸಂಗತಿಯನ್ನು ಹೇಳಿದೆ. ಮಗ ಕಾಫಿ ಲೋಟದಿಂದ ತಲೆಯೆತ್ತದೆ, "ಅಪ್ಪಾ, ಆಗ ಅವರನ್ನ ತಡೆಯೋಕೆ ನಿಲ್ತಿದ್ದವರು ಪ್ಲಂಬರ್‌ಗಳು" ಎಂದ. ಆ ಮಾತು ಅವನ ಸ್ವಂತದ್ದಲ್ಲವೆಂದು ಆಮೇಲೆ ತಿಳಿಯಿತು. ಮಾಜಿ ಆಟಗಾರ ಜೆ.ಜೆ. ರೆಡಿಕ್ ಅವರು 2022ರಲ್ಲಿ ಟಿವಿ ಚರ್ಚೆಯೊಂದರಲ್ಲಿ, 1950ರ ದಶಕದ ತಾರೆ ಬಾಬ್ ಕೂಸಿ ಅವರ ಕಾಲದ ಎದುರಾಳಿಗಳನ್ನು ಪ್ಲಂಬರ್‌ಗಳು, ಅಗ್ನಿಶಾಮಕ ದಳದವರು ಎಂದು ಲೇವಡಿ ಮಾಡಿದ್ದರು.

ಮಗನ ಬಾಯಿ ಮುಚ್ಚಿಸುವುದು ನನ್ನ ಉದ್ದೇಶವಲ್ಲ. 1961-62ರ ಋತುವಿನಲ್ಲಿ ಚೇಂಬರ್ಲಿನ್ ಅವರ ಸರಾಸರಿ ಪಂದ್ಯಕ್ಕೆ 50.4 ಅಂಕ, 25.7 ರೀಬೌಂಡ್ (ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿಯುವುದು). ಅದೇ ಋತುವಿನಲ್ಲಿ ಆಸ್ಕರ್ ರಾಬರ್ಟ್‌ಸನ್ ಅವರದು 30.8 ಅಂಕ, 12.5 ರೀಬೌಂಡ್, 11.4 ಅಸಿಸ್ಟ್ (ಸಹ ಆಟಗಾರನ ಅಂಕಕ್ಕೆ ನೆರವಾದ ಪಾಸ್). ಇಂದಿನ ಯಾವ ಆಟಗಾರನೂ 50ರ ಸರಾಸರಿಯ ಹತ್ತಿರಕ್ಕೂ ಸುಳಿಯುವುದಿಲ್ಲ. ಈ ಅಂಕಿಗಳನ್ನು ಹೇಗೆ ಓದಬೇಕು? ಅಂದಿನವರು ಅಷ್ಟು ದೊಡ್ಡವರಾಗಿದ್ದರೇ, ಅಥವಾ ಆಟವೇ ಅಷ್ಟು ಸಡಿಲವಾಗಿತ್ತೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಲೆಕ್ಕಿಗ ಉತ್ತರಿಸಿದ್ದು:

ತಮ್ಮ ಪ್ರಶ್ನೆಯ ಒಂದು ಭಾಗಕ್ಕೆ ಕಾಗದ, ಪೆನ್ಸಿಲ್ ಹಿಡಿದೇ ಉತ್ತರ ಹೇಳಬಹುದು, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

1961-62ರಲ್ಲಿ ಒಂದು ತಂಡ ಪ್ರತಿ ಪಂದ್ಯದಲ್ಲಿ ರಿಂಗ್‌ನತ್ತ ಸರಾಸರಿ ಸುಮಾರು 108 ಬಾರಿ ಚೆಂಡೆಸೆಯುತ್ತಿತ್ತು. 2023-24ರಲ್ಲಿ ಆ ಸಂಖ್ಯೆ ಸುಮಾರು 89. ಅಂದಿನ ತಂಡಗಳು ಚೆಂಡು ಕೈಗೆ ಸಿಕ್ಕ ಕೂಡಲೇ ಓಡುತ್ತಿದ್ದವು, ಮೊದಲು ಸಿಕ್ಕ ಅವಕಾಶದಲ್ಲೇ ಎಸೆಯುತ್ತಿದ್ದವು, ಮತ್ತು ಎಸೆದದ್ದರಲ್ಲಿ ಶೇ. 43ರಷ್ಟು ಮಾತ್ರ ಬೀಳುತ್ತಿತ್ತು, ಇಂದು ಶೇ. 47ರಷ್ಟು ಬೀಳುತ್ತದೆ. ಎಸೆತ ಹೆಚ್ಚಾಗಿ, ಬೀಳುವುದು ಕಡಿಮೆಯಾದರೆ ರಿಂಗ್‌ಗೆ ಬಡಿದು ಮರಳುವ ಚೆಂಡುಗಳು ರಾಶಿಯಾಗುತ್ತವೆ. ಹಾಗಾಗಿ ಅಂದು ತಂಡವೊಂದಕ್ಕೆ ಪಂದ್ಯಕ್ಕೆ 71ರಷ್ಟು ರೀಬೌಂಡ್ ದೊರೆಯುತ್ತಿದ್ದವು, ಇಂದು 44ರ ಆಸುಪಾಸು. ಚೇಂಬರ್ಲಿನ್ ಅವರ 25.7ನ್ನು ಇಂದಿನ ಪ್ರಮಾಣಕ್ಕೆ ಇಳಿಸಿದರೆ 16ರ ಹತ್ತಿರ ಬರುತ್ತದೆ, 50.4 ಅಂಕಗಳು 42ಕ್ಕೆ ಇಳಿಯುತ್ತವೆ. ರಾಬರ್ಟ್‌ಸನ್ ಅವರದು ಸುಮಾರು 25 ಅಂಕ, ಎಂಟು ರೀಬೌಂಡ್ ಆಗುತ್ತದೆ. ಇಂದಿಗೂ ಅದು ಆಲ್-ಸ್ಟಾರ್ ಆಟಗಾರನ ಅಂಕಿಯೇ, ಆದರೆ ಪವಾಡವಲ್ಲ.

ಇನ್ನೊಂದು ಸಂಗತಿ ಉಳಿದಿದೆ. ಆ ಋತುವಿನಲ್ಲಿ ಚೇಂಬರ್ಲಿನ್ ಪಂದ್ಯಕ್ಕೆ ಸರಾಸರಿ 48.5 ನಿಮಿಷ ಆಡಿದರು. ಪಂದ್ಯವೇ 48 ನಿಮಿಷದ್ದು. ಹೆಚ್ಚುವರಿ ಅವಧಿಗಳು ಸೇರಿ ಸರಾಸರಿ ಅದನ್ನೂ ದಾಟಿತು. ಇಂದಿನ ತಾರೆಗಳು 36 ನಿಮಿಷ ಆಡಿದರೆ ಹೆಚ್ಚು. ಅದನ್ನೂ ಲೆಕ್ಕಕ್ಕೆ ಹಿಡಿದರೆ ಸುಮಾರು 31 ಅಂಕ, 12 ರೀಬೌಂಡ್ ಉಳಿಯುತ್ತವೆ, ಅಂದರೆ ನೀವು ಅಂದು ಬೆಳಿಗ್ಗೆ ನೋಡುತ್ತಿದ್ದ ಯೋಕಿಚ್ ಅವರ ಆಸುಪಾಸು. 2024-25ರಲ್ಲಿ ಅವರ ಸರಾಸರಿ 29.6 ಅಂಕ, 12.7 ರೀಬೌಂಡ್, ಅದರ ಮೇಲೆ 10.2 ಅಸಿಸ್ಟ್. ಮಗನಿಗೂ ತಂದೆಗೂ ಅರ್ಧರ್ಧ ಗೆಲುವು ಎಂದು ನನ್ನ ತೀರ್ಪು.

ಟೊರೊಂಟೊ ಕನ್ನಡಿಗ ಉತ್ತರಿಸಿದ್ದು:

ಲೆಕ್ಕಿಗರ ಮೊದಲ ಇಳಿಕೆಯನ್ನು ಒಪ್ಪುತ್ತೇನೆ, ಎರಡನೆಯದನ್ನು ಸುತರಾಂ ಒಪ್ಪಲಾರೆ. ವೇಗ ತಂಡದ್ದು, ಕಾಲದ್ದು. ಅದನ್ನು ಕಳೆಯುವುದು ನ್ಯಾಯ. ಆದರೆ ನಿಮಿಷಗಳು ಆ ಮನುಷ್ಯನವೇ. 80 ಪಂದ್ಯಗಳ ಇಡೀ ಋತುವಿನಲ್ಲಿ ಚೇಂಬರ್ಲಿನ್ ಅಂಗಣದ ಹೊರಗೆ ಕಳೆದದ್ದು ಹೆಚ್ಚುಕಡಿಮೆ ಎಂಟು ನಿಮಿಷ, ಅದೂ ರೆಫರಿ ಹೊರಗೆ ಕಳಿಸಿದ್ದರಿಂದ. ಆ ತ್ರಾಣವನ್ನೇ ಕತ್ತರಿಸಿ, ಆಮೇಲೆ "ನೋಡಿ, ಇಂದಿನವರಷ್ಟೇ" ಎನ್ನುವುದು ಎತ್ತಿನ ಗಾಡಿಯಲ್ಲಿ ಊರು ಮುಟ್ಟಿದವನ ದಾರಿಯನ್ನು ಬಸ್ಸಿನ ಗಂಟೆಗಳಿಂದ ಅಳೆದಂತೆ. ಇಂದು ಆಟಗಾರರು ವಿಶ್ರಾಂತಿಗೆಂದು ಪಂದ್ಯ ತಪ್ಪಿಸುವುದು ಎಷ್ಟು ಹೆಚ್ಚಿತೆಂದರೆ, 2023-24ರಿಂದ ಪ್ರಮುಖ ಪ್ರಶಸ್ತಿಗಳಿಗೆ ಅರ್ಹರಾಗಲು ಕನಿಷ್ಠ 65 ಪಂದ್ಯ ಆಡಿರಬೇಕೆಂಬ ನಿಯಮವನ್ನೇ ಎನ್‌ಬಿಎ ತರಬೇಕಾಯಿತು.

ಪ್ಲಂಬರ್ ಎಂಬ ಚುಚ್ಚುಮಾತಿನ ವಿಷಯ. ಅಂದಿನ ಎಷ್ಟೋ ಆಟಗಾರರು ಬೇಸಿಗೆಯಲ್ಲಿ ಬೇರೆ ಕೆಲಸ ಮಾಡುತ್ತಿದ್ದುದು ನಿಜ, ಏಕೆಂದರೆ ಸಂಬಳದಲ್ಲಿ ಸಂಸಾರ ಸಾಗುತ್ತಿರಲಿಲ್ಲ. 1964ರ ಆಲ್-ಸ್ಟಾರ್ ಪಂದ್ಯದ ದಿನ ಬಾಸ್ಟನ್ನಿನಲ್ಲಿ, ಪಿಂಚಣಿಯ ಭರವಸೆ ಸಿಗದೆ ಅಂಗಣಕ್ಕಿಳಿಯುವುದಿಲ್ಲವೆಂದು ಆಟಗಾರರು ಡ್ರೆಸ್ಸಿಂಗ್ ಕೋಣೆಯಲ್ಲೇ ಕುಳಿತುಬಿಟ್ಟಿದ್ದರು. ರೆಡಿಕ್ ಅವರು ಹಾಸ್ಯಕ್ಕೆ ಎಳೆದ ಅದೇ ಕೂಸಿ ಅವರೇ 1954ರಲ್ಲಿ ಆಟಗಾರರ ಸಂಘವನ್ನು ಕಟ್ಟಿದವರು. ಇಂದಿನವರ ಕೋಟಿಗಳ ಹಿಂದೆ ಆ ಸಂಘವಿದೆ. ಎರಡನೆಯ ಕಸುಬು ಇದ್ದ ಮಾತ್ರಕ್ಕೆ ಆಟ ಬರುತ್ತಿರಲಿಲ್ಲವೆಂದು ಅರ್ಥವೇ? ಅದೇ 1961-62ರಲ್ಲಿ ಎಲ್ಜಿನ್ ಬೇಲರ್ ಅವರಿಗೆ ಸೇನೆಯ ಮೀಸಲು ಪಡೆಯ ಕರೆ ಬಂದು, ವಾರವೆಲ್ಲ ವಾಷಿಂಗ್ಟನ್ ರಾಜ್ಯದ ಶಿಬಿರದಲ್ಲಿರಬೇಕಾಯಿತು. ರಜೆಯ ಚೀಟಿ ಸಿಕ್ಕಾಗ ವಿಮಾನ ಹತ್ತಿ ಬಂದು, ಅಭ್ಯಾಸವಿಲ್ಲದೆಯೇ ಆಡಿದ 48 ಪಂದ್ಯಗಳಲ್ಲಿ ಅವರ ಸರಾಸರಿ 38.3 ಅಂಕ. ಇದನ್ನು ತಮ್ಮ ಮಗನಿಗೆ ಕಾಫಿ ಮುಗಿಯುವ ಮೊದಲೇ ಹೇಳಿ.

ಅಂದು ಲೀಗ್‌ನಲ್ಲಿ ಒಂಬತ್ತೇ ತಂಡಗಳಿದ್ದವು, ಅಂದರೆ ನೂರರ ಆಸುಪಾಸಿನ ಆಟಗಾರರು. ಇಂದು 30 ತಂಡ, ನಾನೂರಕ್ಕೂ ಹೆಚ್ಚು ಆಟಗಾರರು. ಚೇಂಬರ್ಲಿನ್ ತಮ್ಮ ವೃತ್ತಿಜೀವನದಲ್ಲಿ ಬಿಲ್ ರಸೆಲ್ ಅವರೊಬ್ಬರ ಎದುರೇ 140ಕ್ಕೂ ಹೆಚ್ಚು ಪಂದ್ಯ ಆಡಿದರು. ರಸೆಲ್ ಎಂದರೆ 13 ಋತುಗಳಲ್ಲಿ 11 ಬಾರಿ ಪಟ್ಟ ಗೆದ್ದವರು, ಯಾವ ಕೊಳಾಯಿಯನ್ನೂ ರಿಪೇರಿ ಮಾಡಿದವರಲ್ಲ.

ಆದರೆ ನಾಣ್ಯದ ಮತ್ತೊಂದು ಮುಖವನ್ನೂ ಹೇಳದಿದ್ದರೆ ಅಪ್ರಾಮಾಣಿಕನಾಗುತ್ತೇನೆ. ಆ ನೂರು ಜನ ಎಲ್ಲಿಂದ ಬರುತ್ತಿದ್ದರು? ಹೆಚ್ಚುಕಡಿಮೆ ಎಲ್ಲರೂ ಒಂದೇ ದೇಶದಿಂದ. ಎನ್‌ಬಿಎ ಅಂಗಣಕ್ಕೆ ಕಪ್ಪು ಆಟಗಾರರು ಮೊದಲು ಇಳಿದದ್ದೇ 1950ರಲ್ಲಿ. ಒಂದು ತಂಡ ಐವರು ಕಪ್ಪು ಆಟಗಾರರೊಂದಿಗೆ ಪಂದ್ಯ ಆರಂಭಿಸಲು 1964ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಇಂದು 2019ರಿಂದ 2025ರವರೆಗಿನ ಏಳೂ ಎಂವಿಪಿ (ಋತುವಿನ ಅತ್ಯಮೂಲ್ಯ ಆಟಗಾರ) ಪ್ರಶಸ್ತಿಗಳು ಅಮೆರಿಕದ ಹೊರಗೆ ಹುಟ್ಟಿದವರಿಗೆ ಸಂದಿವೆ: ಗ್ರೀಸ್, ಸರ್ಬಿಯಾ, ಕ್ಯಾಮರೂನ್, ಕೆನಡಾ. 2025ರ ವಿಜೇತ ಶೇ ಗಿಲ್ಜಸ್-ಅಲೆಕ್ಸಾಂಡರ್ ನಾನಿರುವ ಊರಿನಲ್ಲೇ ಹುಟ್ಟಿದವರು, ಇಲ್ಲಿನ ಮಕ್ಕಳು ಅವರ ಹೆಸರಿನ ಅಂಗಿ ತೊಟ್ಟೇ ಶಾಲೆಗೆ ಹೋಗುತ್ತಾರೆ. ಕೆರೆಯಲ್ಲಿ ಗೆದ್ದ ಈಜುಗಾರನಿಗೂ ಸಮುದ್ರದಲ್ಲಿ ಗೆದ್ದವನಿಗೂ ಇರುವ ವ್ಯತ್ಯಾಸ ಇಲ್ಲಿ ಖಂಡಿತ ಇದೆ.

ಫ್ರೀ ಥ್ರೋ ಮೇಷ್ಟ್ರು ಉತ್ತರಿಸಿದ್ದು:

ಇಬ್ಬರ ವಾದವನ್ನೂ ಓದಿದೆ. ಮೂವತ್ತು ವರ್ಷ ಶಾಲಾ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಕಲಿಸಿದವನು ನಾನು. ನನಗೆ ಈ ಚರ್ಚೆಯಲ್ಲಿ ಸದಾ ಕಾಣುವ ತೊಂದರೆಯೆಂದರೆ, ನಾವು ಹೋಲಿಸುವ ಎರಡು ಆಟಗಳು ಒಂದೇ ಅಂಗಣದಲ್ಲಿ ನಡೆದವೇ ಅಲ್ಲ.

ರಿಂಗ್‌ನ ಕೆಳಗಿನ ಬಣ್ಣದ ಪಟ್ಟಿಯನ್ನೇ ನೋಡಿ. ಎತ್ತರದ ಆಟಗಾರ ಜಾರ್ಜ್ ಮೈಕನ್ ಅವರ ಕಾಟ ತಾಳಲಾರದೆ 1951ರಲ್ಲಿ ಅದನ್ನು 6 ಅಡಿಯಿಂದ 12 ಅಡಿಗೆ ಅಗಲಿಸಿದರು, 1964ರಲ್ಲಿ 16 ಅಡಿಗೆ. ಮೂರು ಸೆಕೆಂಡಿಗಿಂತ ಹೆಚ್ಚು ಅಲ್ಲಿ ನಿಲ್ಲುವಂತಿಲ್ಲವಾದ್ದರಿಂದ, ಪಟ್ಟಿ ಅಗಲವಾದಷ್ಟೂ ಎತ್ತರದ ಆಟಗಾರ ರಿಂಗ್‌ನಿಂದ ದೂರ ಸರಿಯಬೇಕು. 50.4ರ ಸರಾಸರಿ ಬಂದದ್ದು 12 ಅಡಿಯ ಕಾಲದಲ್ಲಿ. ಪಟ್ಟಿ ಅಗಲವಾದ ಮೇಲೆ ಅದೇ ಚೇಂಬರ್ಲಿನ್ ಆಟ ಬದಲಿಸಿಕೊಂಡು, 1967-68ರಲ್ಲಿ ಇಡೀ ಲೀಗ್‌ಗೆ ಅತಿ ಹೆಚ್ಚು ಅಸಿಸ್ಟ್ ನೀಡಿದ ಸೆಂಟರ್ (ರಿಂಗ್ ಬಳಿ ಆಡುವ ಎತ್ತರದ ಆಟಗಾರ) ಆದರು. ಅವರ ನೂರು ಅಂಕಕ್ಕಿಂತ ಈ ಸಾಧನೆ ನನಗೆ ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಇಂದಿನ ಆಟಕ್ಕೂ ಹೊಂದಿಕೊಳ್ಳುತ್ತಿದ್ದರೇ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

ಮೂರಂಕದ ಗೆರೆ, ಅಂದರೆ ಅದರಾಚೆಯಿಂದ ಎಸೆದು ಹಾಕಿದರೆ ಎರಡರ ಬದಲು ಮೂರು ಅಂಕ ಸಿಗುವ ಗೆರೆ, ಬಂದದ್ದು 1979-80ರಲ್ಲಿ. 1970ರ ಫೈನಲ್ಸ್‌ನ ಮೂರನೆಯ ಪಂದ್ಯದಲ್ಲಿ ಜೆರ್ರಿ ವೆಸ್ಟ್ ಕೊನೆಯ ಕ್ಷಣದಲ್ಲಿ ಸುಮಾರು 60 ಅಡಿ ದೂರದಿಂದ ಎಸೆದ ಚೆಂಡು ರಿಂಗ್ ಸೇರಿತು. ಎರಡೇ ಅಂಕ, ಪಂದ್ಯ 102-102ಕ್ಕೆ ಸಮವಾಯಿತು, ಹೆಚ್ಚುವರಿ ಅವಧಿಯಲ್ಲಿ ಅವರ ಲೇಕರ್ಸ್ ಸೋತಿತು. ಇಂದಾಗಿದ್ದರೆ ಅಲ್ಲಿಗೇ ಗೆಲುವು. 2015-16ರಲ್ಲಿ 402 ಮೂರಂಕ ಹೊಡೆದ ಸ್ಟೀಫನ್ ಕರಿ ಅವರನ್ನು 1962ಕ್ಕೆ ಒಯ್ದರೆ, ದೂರದಿಂದ ಎಸೆಯಬೇಕೆಂಬ ಆಸೆ ಅವರಿಗೆ ಹುಟ್ಟುತ್ತಲೂ ಇರಲಿಲ್ಲ. ಬಿಲ್ ರಸೆಲ್ ತಡೆದ ಎಸೆತಗಳ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ, ಏಕೆಂದರೆ ಬ್ಲಾಕ್‌ಗಳನ್ನು ಬರೆದಿಡಲು ಆರಂಭಿಸಿದ್ದು 1973-74ರಿಂದ. 1962ರ ಎಂವಿಪಿ ಯಾರಿಗೆ ಸಂದಿತೆಂದು ಬಲ್ಲಿರಾ? ಐವತ್ತರ ಸರಾಸರಿಯವರಿಗಲ್ಲ, ರಸೆಲ್ ಅವರಿಗೆ. ಆಗ ಮತ ಹಾಕುತ್ತಿದ್ದವರು ಪತ್ರಕರ್ತರಲ್ಲ, ಎದುರು ನಿಂತು ಆಡಿದ ಆಟಗಾರರು. ಅವರ ಕಣ್ಣಿಗೆ ಕಂಡದ್ದು ಲೆಕ್ಕಿಗರ ಕಾಗದದಲ್ಲಿ ಬರುವುದಿಲ್ಲ.

ಹಾಗಾದರೆ ಬದಲಾಗದೆ ಉಳಿದದ್ದು ಏನು? ಫ್ರೀ ಥ್ರೋ ಗೆರೆ, ಅಂದರೆ ಎದುರಾಳಿ ತಪ್ಪೆಸಗಿದಾಗ ಸಿಗುವ ಬಿಡಿ ಎಸೆತಕ್ಕೆ ನಿಲ್ಲುವ ಗೆರೆ. ಬೋರ್ಡಿನಿಂದ 15 ಅಡಿ, ರಿಂಗ್‌ನ ಎತ್ತರ 10 ಅಡಿ. ಎದುರಾಳಿ ಅಡ್ಡ ಬರುವುದಿಲ್ಲ, ಪಂದ್ಯದ ವೇಗ ತಟ್ಟುವುದಿಲ್ಲ. ಪ್ಲಂಬರ್ ನಿಂತರೂ ಅಷ್ಟೇ ದೂರ, ಕೋಟ್ಯಧೀಶ ನಿಂತರೂ ಅಷ್ಟೇ ದೂರ. 1961-62ರಲ್ಲಿ ಇಡೀ ಲೀಗ್‌ನ ಸರಾಸರಿ ಶೇ. 73ರ ಆಸುಪಾಸು, 2023-24ರಲ್ಲಿ 78. ತರಬೇತಿ, ವಿಡಿಯೊ, ಪ್ರತ್ಯೇಕ ಶೂಟಿಂಗ್ ಕೋಚ್‌ಗಳು ಎಲ್ಲ ಸೇರಿ ಅರವತ್ತು ವರ್ಷಗಳಲ್ಲಿ ಐದು ಹೆಜ್ಜೆ. ಇನ್ನು ತುದಿಯಲ್ಲಿರುವವರನ್ನು ನೋಡಿ: ಬಿಲ್ ಶಾರ್ಮನ್ 1958-59ರಲ್ಲಿ, ಕ್ಯಾನ್ವಾಸ್ ಶೂ ತೊಟ್ಟು, ಶೇ. 93.2 ಹಾಕಿದ್ದರು. ಸ್ಟೀಫನ್ ಕರಿ ಅವರ ವೃತ್ತಿಜೀವನದ ಸರಾಸರಿ ಶೇ. 91. ಅಂದರೆ ಸಾಮಾನ್ಯ ಆಟಗಾರ ಮೇಲೆ ಬಂದಿದ್ದಾನೆ, ಶಿಖರ ಎಲ್ಲಿತ್ತೋ ಅಲ್ಲೇ ಇದೆ. ಇಂದಿನ ಬೆಂಚಿನ ಕೊನೆಯ ಆಟಗಾರ ಅಂದಿನ ಬೆಂಚಿನ ಕೊನೆಯವನನ್ನು ಮೀರಿಸುತ್ತಾನೆಂದು ಧಾರಾಳವಾಗಿ ಒಪ್ಪುತ್ತೇನೆ; ಅಂದಿನ ಮೊದಲ ಐದಾರು ಜನರ ವಿಷಯದಲ್ಲಿ ಒಪ್ಪುವುದಿಲ್ಲ. ಹೆಲ್ಮೆಟ್ ಇಲ್ಲದೆ ಆಂಡಿ ರಾಬರ್ಟ್ಸ್ ಅವರನ್ನು ಎದುರಿಸಿದ ನಮ್ಮ ಗುಂಡಪ್ಪ ವಿಶ್ವನಾಥ್ ಟಿ-20ಯಲ್ಲಿ ಎಷ್ಟು ಹೊಡೆಯುತ್ತಿದ್ದರೆಂದು ಯಾರೂ ಕೇಳದಿರುವುದು ನಮ್ಮ ಪುಣ್ಯ.

ಇದೇ ಗೆರೆಯ ಮೇಲೆ ಚೇಂಬರ್ಲಿನ್ ಅವರ ಬಲಹೀನತೆಯೂ ಬಯಲಾಗುತ್ತದೆ, ಮುಚ್ಚಿಡಬೇಕಾಗಿಲ್ಲ. ವೃತ್ತಿಜೀವನದ ಸರಾಸರಿ ಶೇ. 51. ಅವರಿಗೆ ಅತ್ಯುತ್ತಮ ಫಲ ಸಿಕ್ಕಿದ್ದು 1961-62ರಲ್ಲಿ, ಶೇ. 61, ಆಗ ಅವರು ಎರಡೂ ಕೈಗಳಿಂದ ಚೆಂಡನ್ನು ಮೊಣಕಾಲಿನ ನಡುವಿನಿಂದ ಮೇಲಕ್ಕೆ ತೂರುತ್ತಿದ್ದರು. ನೂರು ಅಂಕದ ರಾತ್ರಿ 32ರಲ್ಲಿ 28 ಬಿದ್ದದ್ದು ಹಾಗೆಯೇ. ನೋಡುವವರಿಗೆ ನಗೆಪಾಟಲಾಗುತ್ತದೆಂದು ಆಮೇಲೆ ಆ ಕ್ರಮವನ್ನೇ ಬಿಟ್ಟುಬಿಟ್ಟರು. ಅದನ್ನು ಬಿಡದ ರಿಕ್ ಬ್ಯಾರಿ ಶೇ. 90ರ ಮಟ್ಟದಲ್ಲಿ ಎಸೆಯುತ್ತಾ ಹೋದರು.

ನಸುಕಿನ ವೀಕ್ಷಕ ಮರಳಿ ಬರೆದದ್ದು:

ಮೂವರಿಗೂ ಕೃತಜ್ಞತೆಗಳು. ಬೇಲರ್ ಅವರ ಸಂಗತಿಗೆ ಮಗ ಸುಮ್ಮನಾದ. ಆದರೆ ಏಳು ಎಂವಿಪಿಗಳ ವಿಷಯವನ್ನು ಓದಿ ಮತ್ತೆ ಚಿಗುರಿಕೊಂಡ, ಅದನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾನೆ.

ಭಾನುವಾರ ಬೆಳಿಗ್ಗೆ ಬಡಾವಣೆಯ ಸಿಮೆಂಟ್ ಅಂಗಣಕ್ಕೆ ಹೋಗಿ, ಮೇಷ್ಟ್ರು ಹೇಳಿದಂತೆ ಬದಲಾಗದ ಆ ಗೆರೆಯ ಮೇಲೆ ಇಬ್ಬರೂ ನಿಂತೆವು. ಅವನು ತನ್ನ ಕ್ರಮದಲ್ಲಿ, ಮೊಣಕೈ ನೇರ ಮಾಡಿ, ಹತ್ತರಲ್ಲಿ ಏಳು ಹಾಕಿದ. ನಾನು ಎರಡೂ ಕೈಗಳಲ್ಲಿ ಚೆಂಡು ಹಿಡಿದು, ಬಾವಿಯಿಂದ ಬಿಂದಿಗೆ ಎತ್ತುವವನಂತೆ ಬಾಗಿ ಎಸೆದಾಗ ಅವನು ನಕ್ಕದ್ದು ಪಕ್ಕದ ರಸ್ತೆಗೂ ಕೇಳಿಸಿರಬೇಕು. ನನ್ನದು ಹತ್ತರಲ್ಲಿ ಐದು. ಐದನೆಯದು ಬಿದ್ದ ಮೇಲೆ ಅವನು ಅತ್ತ ಇತ್ತ ನೋಡಿ, ಅಂಗಣದಲ್ಲಿ ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಮ್ಮೆ ಅದೇ ರೀತಿ ಎಸೆದ. ಬಿತ್ತು. ಎರಡನೆಯ ಸಲ ಎಸೆಯುವಷ್ಟರಲ್ಲಿ ಅವನ ತಂಡದ ಹುಡುಗರು ಗೇಟಿನ ಬಳಿ ಕಾಣಿಸಿಕೊಂಡರು. ಚೆಂಡನ್ನು ನನ್ನ ಕೈಗೆ ಕೊಟ್ಟುಬಿಟ್ಟ.