ಹೊಟ್ಟೆ ಕರಗಬೇಕು, ತೋಳು ಸೊರಗಬಾರದು: ಅನುಭವವಿದ್ದವರು ದಯವಿಟ್ಟು ತಿಳಿಸಿ

ತುಮಕೂರಿನಿಂದ ಪ್ರಶ್ನೆ:
ನನಗೆ 43 ವರ್ಷ. ಎತ್ತರ 168 ಸೆಂ.ಮೀ., ತೂಕ 77 ಕೆ.ಜಿ., ಸೊಂಟದ ಸುತ್ತಳತೆ 97 ಸೆಂ.ಮೀ. ಕೈಕಾಲುಗಳು ಸಣ್ಣಗಿವೆ, ಹೊಟ್ಟೆ ಮಾತ್ರ ಮುಂದೆ ಬಂದಿದೆ. ಮೊಟ್ಟೆ ತಿನ್ನುತ್ತೇನೆ, ಮಾಂಸ ತಿನ್ನುವುದಿಲ್ಲ. ಹಿಂದೊಮ್ಮೆ ಊಟ ಕಡಿಮೆ ಮಾಡಿ ತೂಕ ಇಳಿಸಿದಾಗ ಮುಖವೂ ತೋಳುಗಳೂ ಸೊರಗಿದವೇ ಹೊರತು ಹೊಟ್ಟೆ ಅಷ್ಟಾಗಿ ಇಳಿಯಲಿಲ್ಲ. ಮೊದಲು ತೂಕ ಇಳಿಸಿಕೊಂಡು ಆಮೇಲೆ ಭಾರ ಎತ್ತಬೇಕೋ, ಎರಡನ್ನೂ ಒಟ್ಟಿಗೇ ಆರಂಭಿಸಬೇಕೋ? ಸಂಜೆ ಒಂದು ಗಂಟೆಯ ಬಿಡುವು ಸಿಗುತ್ತದೆ. ಈ ದಾರಿಯಲ್ಲಿ ನಡೆದವರು ತಮ್ಮ ಅನುಭವ ಹಂಚಿಕೊಂಡರೆ ಉಪಕಾರವಾಗುತ್ತದೆ.

ಸಕಲೇಶಪುರ:
ತೂಕ ಇಳಿಯುವುದು ಬೇರೆ, ಕೊಬ್ಬು ಇಳಿಯುವುದು ಬೇರೆ ಎಂಬ ಮಾತನ್ನು ಹೇಳದೆಯೇ ನನ್ನಿಂದ ಹಣ ತೆಗೆದುಕೊಂಡರು. ಆ ನೋವು ಇನ್ನೂ ಆರಿಲ್ಲವಾದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ. ಬೆಂಗಳೂರಿನ ಒಂದು ತೂಕ ಇಳಿಸುವ ಕೇಂದ್ರಕ್ಕೆ ಮೂರು ತಿಂಗಳ ಯೋಜನೆಗೆಂದು 24,000 ರೂಪಾಯಿ ಕಟ್ಟಿದೆ. ಅದರ ಮೇಲೆ ಅವರದೇ ಪುಡಿಗೆ ತಿಂಗಳಿಗೆ 3,800, ಪ್ರತಿ ಸಲದ ರಕ್ತಪರೀಕ್ಷೆಗೆ 1,650, ಹೋಗಿಬರುವ ಬಸ್ಸಿನ ಖರ್ಚು ಬೇರೆ. ಬೆಳಿಗ್ಗೆ ಸೌತೆಕಾಯಿ ಮತ್ತು ಆ ಪುಡಿ, ಮಧ್ಯಾಹ್ನ ಒಂದು ಚಪಾತಿ, ರಾತ್ರಿ ತರಕಾರಿ ಸೂಪು. ದಿನಕ್ಕೆ ಸಾವಿರ ಕ್ಯಾಲೊರಿ ದಾಟುತ್ತಿರಲಿಲ್ಲ; ಪ್ರೊಟೀನ್ ಎಷ್ಟು ಎಂದು ಕೇಳಿದರೆ ಸಮತೋಲಿತವಾಗಿದೆ ಎಂಬ ಉತ್ತರವಷ್ಟೇ ಬರುತ್ತಿತ್ತು. ವ್ಯಾಯಾಮವೆಂದರೆ ನಡಿಗೆ ಮಾತ್ರ, ಭಾರ ಎತ್ತಿದರೆ ತೂಕ ಇಳಿಯುವುದಿಲ್ಲ ಎಂದು ಎಚ್ಚರಿಸಿದ್ದರು. 86 ಕೆ.ಜಿ. ಇದ್ದವನು 73ಕ್ಕೆ ಇಳಿದೆ. ಅವರು ನನ್ನ ಚಿತ್ರವನ್ನು ಗೋಡೆಗೆ ಹಾಕಿದರು. ಆದರೆ ತೋಟದಲ್ಲಿ 50 ಕೆ.ಜಿ.ಯ ಕಾಫಿ ಚೀಲಕ್ಕೆ ಹೆಗಲು ಕೊಡುವ ಶಕ್ತಿ ಹೋಗಿತ್ತು. ಪ್ಯಾಂಟು ತೊಡೆಯ ಬಳಿ ಜೋಲಾಡುತ್ತಿತ್ತು, ಸೊಂಟದಲ್ಲಿ ಮಾತ್ರ ಬೆಲ್ಟಿನ ಎರಡು ತೂತಿನಷ್ಟು ಸಡಿಲವಾಗಿತ್ತು. ಒಂದೊಂದು ಪ್ಯಾಂಟಿಗೆ 150 ರೂಪಾಯಿ ಕೊಟ್ಟು ಹಿಡಿಸಿದೆ. ವರ್ಷ ತುಂಬುವುದರೊಳಗೆ 84 ಕೆ.ಜಿ.ಗೆ ಮರಳಿದಾಗ ಅದೇ ದರ್ಜಿಗೆ ಅಷ್ಟೇ ಹಣ ಕೊಟ್ಟು ಬಿಚ್ಚಿಸಿದೆ. ಮರಳಿ ಬಂದದ್ದು ತೊಡೆಗಲ್ಲ, ಹೊಟ್ಟೆಗೆ. ಕೇಂದ್ರದವರನ್ನು ಕೇಳಿದರೆ ಇನ್ನೊಂದು ಯೋಜನೆಗೆ ಶೇ. 20ರಷ್ಟು ರಿಯಾಯಿತಿ ಕೊಡುತ್ತೇವೆ ಎಂದರು.

ಜಯನಗರ, ಬೆಂಗಳೂರು:
ಎರಡನ್ನೂ ಒಟ್ಟಿಗೇ ಆರಂಭಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎರಡನೆಯ ಹೆರಿಗೆಯ ನಂತರ 71 ಕೆ.ಜಿ. ಇದ್ದೆ, ಈಗ 64. ಏಳು ಕೆ.ಜಿ. ಮಾತ್ರವೇ ಎಂದು ಕೇಳುವವರಿಗೆ ಹೇಳುತ್ತೇನೆ: ಸೊಂಟ 94 ಸೆಂ.ಮೀ.ಯಿಂದ 79ಕ್ಕೆ ಬಂದಿದೆ, ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟಿನಲ್ಲಿ 30 ಕೆ.ಜಿ. ಎತ್ತುತ್ತಿದ್ದವಳು 85 ಎತ್ತುತ್ತೇನೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 40 ಯುವಕರಿಗೆ ನಾಲ್ಕು ವಾರ, ಬೇಕಾದುದಕ್ಕಿಂತ ಶೇ. 40ರಷ್ಟು ಕಡಿಮೆ ಕ್ಯಾಲೊರಿ ಕೊಟ್ಟು, ವಾರಕ್ಕೆ ಆರು ದಿನ ಕಠಿಣ ವ್ಯಾಯಾಮ ಮಾಡಿಸಿದರು. ದೇಹತೂಕದ ಪ್ರತಿ ಕೆ.ಜಿ.ಗೆ 2.4 ಗ್ರಾಂ ಪ್ರೊಟೀನ್ ತಿಂದವರು 4.8 ಕೆ.ಜಿ. ಕೊಬ್ಬು ಕಳೆದುಕೊಂಡು, ಕೊಬ್ಬಲ್ಲದ ತೂಕವನ್ನು 1.2 ಕೆ.ಜಿ.ಯಷ್ಟು ಹೆಚ್ಚಿಸಿಕೊಂಡರು. 1.2 ಗ್ರಾಂ ತಿಂದವರು 3.5 ಕೆ.ಜಿ. ಕೊಬ್ಬು ಕಳೆದರು, ಅವರ ಸ್ನಾಯು ಹೆಚ್ಚುಕಡಿಮೆ ಇದ್ದಷ್ಟೇ ಉಳಿಯಿತು. ಕಡಿಮೆ ತಿಂದವರ ಸ್ನಾಯುವೂ ಉಳಿಯಿತು ಎಂಬುದನ್ನು ಗಮನಿಸಬೇಕು. ಅದು ಉಳಿದದ್ದು ಭಾರ ಎತ್ತಿದ್ದರಿಂದ.

ಖರ್ಚನ್ನು ಮುಚ್ಚಿಡುವುದಿಲ್ಲ. ಜಿಮ್ಮಿಗೆ ವರ್ಷಕ್ಕೆ 18,000, ಆರಂಭದ ನಾಲ್ಕು ತಿಂಗಳು ತರಬೇತುದಾರರಿಗೆ ತಿಂಗಳಿಗೆ 9,000, ಅಡುಗೆಮನೆಯ ತಕ್ಕಡಿಗೆ 450, ವೇ ಪ್ರೊಟೀನ್ ಪುಡಿ ಕೆ.ಜಿ.ಗೆ 2,600. ಇವೆಲ್ಲಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಒಂದು ರಕ್ತಪರೀಕ್ಷೆ. ಮೂತ್ರಪಿಂಡಗಳು ಹೊರಹಾಕುವ ತ್ಯಾಜ್ಯವಾದ ಕ್ರಿಯಾಟಿನಿನ್ 1.3 ಎಂದು ಕೆಂಪು ಅಕ್ಷರದಲ್ಲಿ ಬಂತು. ಮನೆಯ ಹತ್ತಿರದ ವೈದ್ಯರು ಮೂತ್ರಪಿಂಡ ಹಾಳಾಗುತ್ತಿದೆ, ಎಲ್ಲವನ್ನೂ ನಿಲ್ಲಿಸಿ ಎಂದರು. ಅತ್ತೆಯವರು ಬೇಳೆಯ ಸಾರನ್ನೂ ನನ್ನ ತಟ್ಟೆಗೆ ಬಡಿಸಲಿಲ್ಲ. ತಜ್ಞರನ್ನು ಕಾಣಲು 1,200, ಮೂತ್ರಪಿಂಡದ ಕೆಲಸವನ್ನು ಇನ್ನೊಂದು ಬಗೆಯಲ್ಲಿ ಅಳೆಯುವ ಸಿಸ್ಟಾಟಿನ್ ಸಿ ಪರೀಕ್ಷೆಗೆ 1,400 ತೆತ್ತ ಮೇಲೆ ಮೂತ್ರಪಿಂಡಗಳು ಆರೋಗ್ಯವಾಗಿವೆ ಎಂದು ತಿಳಿಯಿತು. ಭಾರ ಎತ್ತುವ ಶಕ್ತಿಗೆಂದು ನಾನು ದಿನಕ್ಕೆ 5 ಗ್ರಾಂ ಕ್ರಿಯಾಟಿನ್ ಪುಡಿ ತೆಗೆದುಕೊಳ್ಳುತ್ತಿದ್ದೆ; ಕ್ರಿಯಾಟಿನಿನ್ ಹುಟ್ಟುವುದೇ ಅದರಿಂದ. ಸ್ನಾಯು ಹೆಚ್ಚಿದ್ದವರಲ್ಲಿಯೂ ಅದು ತುಸು ಮೇಲಿರಬಹುದು. ಮೊದಲೇ ಮೂತ್ರಪಿಂಡದ ತೊಂದರೆ ಇರುವವರ ಮಾತು ಬೇರೆ, ಅವರು ವೈದ್ಯರನ್ನು ಕೇಳದೆ ಪ್ರೊಟೀನ್ ಹೆಚ್ಚಿಸಬಾರದು.

ಮೈಸೂರು:
ನನಗೆ 58 ವರ್ಷ. ಹದಿನಾಲ್ಕನೆಯ ವಯಸ್ಸಿನಲ್ಲಿ ಗರಡಿ ಮನೆಯ ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿಗೆ, ಇಳಿದವನು. ದಸರೆಯ ಕುಸ್ತಿಗೆ ತಯಾರಾಗುವಾಗ ತೂಕದ ವರ್ಗಕ್ಕೆ ಇಳಿಯಬೇಕಾಗುತ್ತಿತ್ತು, ಶಕ್ತಿ ಮಾತ್ರ ಒಂದಿಷ್ಟೂ ಇಳಿಯುವಂತಿರಲಿಲ್ಲ. ಈಗ ನೀವೆಲ್ಲ ಹೊಸದೆಂದು ಕೇಳುತ್ತಿರುವ ಪ್ರಶ್ನೆ ನಮ್ಮ ಉಸ್ತಾದರಿಗೆ ಪ್ರತಿ ವರ್ಷದ ಪ್ರಶ್ನೆಯಾಗಿತ್ತು. ರಾತ್ರಿಯ ಅನ್ನ ಬಿಡಿಸುತ್ತಿದ್ದರು. ಹಾಲು, ಮೊಟ್ಟೆ, ಕಾಳು ಬಿಡಿಸುತ್ತಿರಲಿಲ್ಲ. ಬಸ್ಕಿ, ದಂಡ, ಗದೆ ತಿರುಗಿಸುವುದು, ಜೋಡಿಯೊಡನೆ ಹಿಡಿತ, ಇವುಗಳಲ್ಲಿ ಒಂದನ್ನೂ ಕಡಿಮೆ ಮಾಡಿಸುತ್ತಿರಲಿಲ್ಲ. ನನ್ನ ತೂಕ ಇಂದಿಗೂ 68 ಕೆ.ಜಿ., ಸೊಂಟ 84 ಸೆಂ.ಮೀ. ಒಂದು ಡಬ್ಬಿ ಪುಡಿಯನ್ನೂ ಈ ಬಾಯಿ ಕಂಡಿಲ್ಲ. ಮಟ್ಟಿಯ ಮಣ್ಣಿಗೆ ಎಣ್ಣೆ, ಅರಿಶಿನ ಹಾಕಲು ನಾವೆಲ್ಲ ಸೇರಿ ಕೊಡುತ್ತಿದ್ದ ಹಣವನ್ನು ಬಿಟ್ಟರೆ ನನಗೆ ತಗುಲಿದ ಖರ್ಚು ಹಾಲಿನದು ಮಾತ್ರ. ವ್ಯಾಯಾಮಕ್ಕೆ ತಿಂಗಳಿಗೆ ಒಂಬತ್ತು ಸಾವಿರ ಕೊಡುವುದನ್ನು ಹೆಮ್ಮೆಯಿಂದ ಬರೆಯುವ ಕಾಲ ಬಂದಿರುವುದು ನನಗೆ ದುಃಖದ ಸಂಗತಿ.

ಜಯನಗರ:
ಸರ್, ನಾನು ಹೆಮ್ಮೆಯಿಂದ ಬರೆದದ್ದು ಖರ್ಚನ್ನಲ್ಲ, ಎತ್ತಿದ ಭಾರವನ್ನು. ತಮ್ಮ ಗರಡಿಗೆ ನಮ್ಮಂಥ ಹೆಂಗಸರಿಗೆ ಪ್ರವೇಶವಿತ್ತೇ ಎಂಬುದನ್ನು ತಾವೇ ಹೇಳಬೇಕು. ಬಸ್ಕಿಯ ಬಗ್ಗೆ ನನಗೆ ಗೌರವವಿದೆ. ಆದರೆ ನೂರು ಬಸ್ಕಿ ಸಲೀಸಾಗಿ ಹೊಡೆಯುವವನಿಗೆ ನೂರೈವತ್ತರಿಂದ ದಮ್ಮು ಹೆಚ್ಚುತ್ತದೆ, ತೊಡೆಯ ಬಲ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಬಲ ಹೆಚ್ಚಲು ಭಾರ ಏರುತ್ತ ಹೋಗಬೇಕು. ಪುಡಿಯ ಬಗ್ಗೆ ಇಷ್ಟು ತಿರಸ್ಕಾರವೂ ಬೇಡ. ಹಾಲು ಒಡೆದಾಗ ಉಳಿಯುವ ತಿಳಿನೀರಿನಿಂದಲೇ ವೇ ಪ್ರೊಟೀನನ್ನು ತೆಗೆಯುತ್ತಾರೆ, ತಾವು ಕುಡಿಯುವ ಹಾಲಿನಲ್ಲಿಯೂ ಅದಿದೆ. ಮುದ್ದೆ ತಿಂದರೆ ಗಟ್ಟಿಯಾಗುತ್ತಾರೆ ಎಂದು ನಂಬಿ ಮೂರು ಹೊತ್ತೂ ಅದನ್ನೇ ತಿಂದು ಪ್ರೊಟೀನ್ ಕಡೆ ನೋಡದ ಬಂಧುಗಳು ನನ್ನ ಮನೆಯಲ್ಲೇ ಇದ್ದಾರೆ. ಅವರ ತೋಳುಗಳನ್ನು ನೋಡಿಯೇ ನಾನು ಈ ದಾರಿ ಹಿಡಿದೆ.

ಮದ್ದೂರು:
ಮುದ್ದೆಯ ಮಾತು ಬಂದದ್ದರಿಂದ ಸುಮ್ಮನಿರಲಾಗಲಿಲ್ಲ. ಮೇಡಂ ಅವರೇ, ಮುದ್ದೆಯನ್ನು ಯಾರೂ ಬರಿದೇ ತಿನ್ನುವುದಿಲ್ಲ. ರಾಗಿಯಲ್ಲಿ ಪ್ರೊಟೀನ್ ನೂರಕ್ಕೆ ಏಳು ಗ್ರಾಮಷ್ಟೇ ಎಂಬುದು ನನಗೂ ಗೊತ್ತು. ಸುಣ್ಣದ ಅಂಶದಲ್ಲಿ ಅದನ್ನು ಮೀರಿಸುವ ಧಾನ್ಯ ಇಲ್ಲ ಎಂಬುದನ್ನು ತಾವು ಬಿಟ್ಟಿರಿ. ನಮ್ಮ ಮನೆಯಲ್ಲಿ ಮುದ್ದೆಯೊಂದಿಗೆ ಹುರುಳಿ ಸಾರು, ಬಸ್ಸಾರು, ಮೊಳಕೆ ಕಾಳಿನ ಸಾರು ಇರುತ್ತದೆ. ನಾನು ಎರಡು ಮುದ್ದೆ ತಿನ್ನುತ್ತಿದ್ದವನು ಒಂದಕ್ಕೆ ಇಳಿಸಿ, ಸಾರಿನ ಕಾಳನ್ನು ಎರಡರಷ್ಟು ಮಾಡಿಸಿಕೊಂಡೆ. ಅದೊಂದೇ ಬದಲಾವಣೆಯಿಂದ ಸುಮಾರು ನಾನೂರು ಕ್ಯಾಲೊರಿ ಇಳಿದು ಪ್ರೊಟೀನ್ ಏರಿತು. ಗದ್ದೆಯ ಕೆಲಸ ಮೊದಲಿನಂತೆಯೇ ನಡೆಯಿತು, ಜಿಮ್ಮಿಗೆ ಹೋಗಲಿಲ್ಲ. 81ರಿಂದ 74ಕ್ಕೆ ಬರಲು ಒಂದು ವರ್ಷಕ್ಕಿಂತ ಹೆಚ್ಚು ಹಿಡಿಯಿತು, ಮಧ್ಯೆ ಊರಹಬ್ಬದ ತಿಂಗಳಲ್ಲಿ ಎರಡು ಕೆ.ಜಿ. ಮರಳಿತು, ನಾಟಿಯ ಕಾಲದಲ್ಲಿ ಮತ್ತೆ ಹೋಯಿತು. ತೋಳು ಸೊರಗಿಲ್ಲ. ಬೇಕಾದರೆ ಬಂದು ನೋಡಬಹುದು.

ನ್ಯೂಜೆರ್ಸಿ:
ಪ್ರಶ್ನೆ ಕೇಳಿದವರು ಕೈಕಾಲು ಸಣ್ಣ, ಹೊಟ್ಟೆ ದೊಡ್ಡದು ಎಂದಿದ್ದಾರೆ. ಇಲ್ಲಿ ಅದನ್ನು ಯಾರೂ ಗಮನಿಸಿಲ್ಲ. ನಮ್ಮ ಜನರ ದೇಹದ ಲಕ್ಷಣವೇ ಅದು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದ್ದರು. ಇಬ್ಬರ ಬಿ.ಎಂ.ಐ. (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಕೂಡ 22.3. ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಸ್ನಾಯು ಮೊದಲೇ ಕಡಿಮೆ ಇರುವವರು ಬರೀ ಉಪವಾಸದಿಂದ ತೂಕ ಇಳಿಸಿದರೆ ಉಳಿಯುವುದಾದರೂ ಏನು? ನಾನು ಇಲ್ಲಿ ಎಕ್ಸ್-ರೇಯಿಂದ ಮೈಯ ಕೊಬ್ಬು, ಸ್ನಾಯು ಅಳೆಯುವ ಡೆಕ್ಸಾ ಸ್ಕ್ಯಾನ್‌ಗೆ ಪ್ರತಿ ಸಲ 90 ಡಾಲರ್ ಕೊಟ್ಟು ಅಳೆಯಿಸುತ್ತೇನೆ. ಮನೆಯಲ್ಲಿ ಕಾಲಿಟ್ಟರೆ ಕೊಬ್ಬಿನ ಪ್ರಮಾಣ ತೋರಿಸುವ ಯಂತ್ರ ಶೇ. 24 ಎಂದ ವಾರದಲ್ಲೇ ಡೆಕ್ಸಾ ಶೇ. 31 ಎಂದಿತು. ಡೆಕ್ಸಾ ಮಾಡಿಸದೆ ಸ್ನಾಯು ಉಳಿಯಿತು ಎನ್ನುವವರ ಮಾತನ್ನು ನಾನು ನಂಬುವುದಿಲ್ಲ.

ಮದ್ದೂರು:
ನಂಬಬೇಡಿ. ನನ್ನ ಬಲವನ್ನು 90 ಡಾಲರಿನ ಕಾಗದ ದೃಢಪಡಿಸಬೇಕಾಗಿಲ್ಲ. ಭತ್ತದ ಮೂಟೆ ಲಾರಿಗೆ ಏರುತ್ತದೋ ಇಲ್ಲವೋ ಎಂಬುದೇ ನನಗೆ ಪರೀಕ್ಷೆ.

ಸಕಲೇಶಪುರ:
ಮದ್ದೂರಿನವರ ಮಾತು ಸರಿ. ನ್ಯೂಜೆರ್ಸಿಯವರು ಹೇಳಿದ, ಕಾಲಿಟ್ಟರೆ ಕೊಬ್ಬು ತೋರಿಸುವಂಥದೇ ಒಂದು ಯಂತ್ರವನ್ನು 2,199 ರೂಪಾಯಿ ಕೊಟ್ಟು ನಾನೂ ತಂದೆ. ಬೆಳಿಗ್ಗೆ ಶೇ. 27, ನೀರು ಕುಡಿದು ಸಂಜೆ ನಿಂತರೆ ಶೇ. 23. ಮೈಯಲ್ಲಿ ಸಣ್ಣ ವಿದ್ಯುತ್ ಹರಿಸಿ, ನೀರಿನಂಶದ ಮೇಲೆ ಲೆಕ್ಕ ಹಾಕುವ ಯಂತ್ರವದು. ಆ ಕೇಂದ್ರದವರು ನನ್ನ ಕೊಬ್ಬು ಇಳಿದಿದೆ ಎಂದು ತೋರಿಸಿದ್ದೂ ಇಂಥದ್ದರಲ್ಲೇ ಎಂದು ಈಗ ಯೋಚಿಸಿದರೆ ಸಿಟ್ಟು ಬರುತ್ತದೆ.

ತುಮಕೂರು:
ಎಲ್ಲರಿಗೂ ವಂದನೆಗಳು. ಆದರೆ ವಾರಕ್ಕೆ ಎಷ್ಟು ಇಳಿಸಬೇಕು, ಮೊಟ್ಟೆ ಮತ್ತು ಕಾಳುಗಳಿಂದಲೇ ಪ್ರೊಟೀನ್ ಸಾಕಾಗುತ್ತದೆಯೇ ಎಂಬುದು ನನಗಿನ್ನೂ ಸ್ಪಷ್ಟವಾಗಿಲ್ಲ.

ಧಾರವಾಡ:
ನಾನು ದೈಹಿಕ ಶಿಕ್ಷಣದ ಶಿಕ್ಷಕ. ಅವಸರ ಬೇಡ ಎಂಬುದಷ್ಟೇ ನನ್ನ ಮಾತು. ನಾರ್ವೆಯಲ್ಲಿ ಕ್ರೀಡಾಪಟುಗಳ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾರಕ್ಕೆ ದೇಹತೂಕದ ಶೇ. 0.7ರಷ್ಟು ಇಳಿಸಿದವರ ಕೊಬ್ಬಲ್ಲದ ತೂಕ ಶೇ. 2.1ರಷ್ಟು ಹೆಚ್ಚಿತು; ಎರಡರಷ್ಟು ವೇಗವಾಗಿ ಇಳಿಸಿದವರಿಗೆ ಆ ಲಾಭ ಸಿಗಲಿಲ್ಲ. ನಿಮ್ಮ 77 ಕೆ.ಜಿ.ಗೆ ಅದು ವಾರಕ್ಕೆ ಅರ್ಧ ಕೆ.ಜಿ. ಆಗುತ್ತದೆ. ನನ್ನ ಮಗನ ಕಥೆ ಇದಕ್ಕೆ ವಿರುದ್ಧವಾದದ್ದು: ಪೊಲೀಸ್ ನೇಮಕಾತಿಯ ಓಟಕ್ಕೆಂದು ಅನ್ನ, ರೊಟ್ಟಿ ಎರಡನ್ನೂ ಬಿಟ್ಟು ತೂಕ ಇಳಿಸಿದ. ಗುಂಡು ಎಸೆತಕ್ಕೆ ನಿಂತಾಗ ತೋಳಿನಲ್ಲಿ ತ್ರಾಣವಿರಲಿಲ್ಲ, ಅಲ್ಲಿಯೇ ಹೊರಬಿದ್ದ. ತರಬೇತಿ ಶಿಬಿರಕ್ಕೆ ಕಟ್ಟಿದ 35,000, ಬಾಡಿಗೆ ಕೋಣೆಗೆ ಕೊಟ್ಟ 4,500, ಯಾವುದೂ ಮರಳಲಿಲ್ಲ. ಅವನು ಇಂದಿಗೂ ನನ್ನೊಡನೆ ಆ ವಿಷಯ ಮಾತಾಡುವುದಿಲ್ಲ.

ಮೈಸೂರು:
ಜಯನಗರದ ತಾಯಿ ಕೇಳಿದ್ದಕ್ಕೆ ಉತ್ತರ ಕೊಡಬೇಕು. ನಮ್ಮ ಗರಡಿಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಅದು ಸರಿಯೆಂದು ನಾನು ವಾದಿಸುವುದಿಲ್ಲ; ಈಗ ದಸರೆಯಲ್ಲಿ ಹೆಣ್ಣುಮಕ್ಕಳ ಕುಸ್ತಿಯೂ ನಡೆಯುತ್ತದೆ, ಅದನ್ನು ತಪ್ಪದೆ ನೋಡುತ್ತೇನೆ. ಆದರೆ ಭಾರ ಏರಬೇಕೆಂಬುದು ಗರಡಿಗೆ ಗೊತ್ತಿರಲಿಲ್ಲ ಎಂಬ ಧ್ವನಿಯನ್ನು ಒಪ್ಪಲಾರೆ. ಚಿಕ್ಕ ಗದೆಯಿಂದ ದೊಡ್ಡ ಗದೆಗೆ ಏರುತ್ತಿದ್ದೆವು, ಬೆನ್ನ ಮೇಲೆ ಜೋಡಿಯನ್ನು ಕೂರಿಸಿಕೊಂಡು ಬಸ್ಕಿ ಹೊಡೆಯುತ್ತಿದ್ದೆವು. ತಾವು ಕಬ್ಬಿಣದ ಬಿಲ್ಲೆ ಸೇರಿಸುತ್ತೀರಿ, ನಾವು ಮನುಷ್ಯನನ್ನು ಸೇರಿಸುತ್ತಿದ್ದೆವು.

ಜಯನಗರ:
ಹಾಗಾದರೆ ಭಾರದ ವಿಷಯದಲ್ಲಿ ನಮ್ಮಿಬ್ಬರಿಗೆ ಜಗಳವಿಲ್ಲ, ಸರ್. ತುಮಕೂರಿನವರು ಕೇಳಿದ ಲೆಕ್ಕ ಕೊಡುತ್ತೇನೆ. ಕೆ.ಜಿ.ಗೆ 1.6 ಗ್ರಾಮಿನಂತೆ ಅವರಿಗೆ ದಿನಕ್ಕೆ ಸುಮಾರು 123 ಗ್ರಾಂ ಪ್ರೊಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ನೂರು ಗ್ರಾಂ ಹೆಸರುಕಾಳಿನಲ್ಲಿ 24, ನೂರು ಗ್ರಾಂ ಪನೀರಿನಲ್ಲಿ 18. ಕಾಳುಗಳಿಂದಲೇ ಎಲ್ಲವನ್ನೂ ತುಂಬಲು ಹೋದರೆ ಜೊತೆಗೆ ಪಿಷ್ಟವೂ ಬರುತ್ತದೆ, ಹೊಟ್ಟೆಯೂ ಉಬ್ಬರಿಸುತ್ತದೆ. ಆದ್ದರಿಂದಲೇ ಪುಡಿ.

ಮದ್ದೂರು:
ಆದ್ದರಿಂದಲೇ ಪುಡಿ ಎಂದು ಮುಗಿಸಬೇಡಿ, ಸೋಯಾ ಚಂಕ್ಸ್ ಅನ್ನು ಏಕೆ ಬಿಟ್ಟಿರಿ? ನೂರು ಗ್ರಾಮಿನಲ್ಲಿ 52 ಗ್ರಾಂ ಪ್ರೊಟೀನ್, ಕೊಬ್ಬು ಇಲ್ಲವೆಂದೇ ಹೇಳಬಹುದು. 200 ಗ್ರಾಮಿನ ಪೊಟ್ಟಣ ನಮ್ಮ ಅಂಗಡಿಯಲ್ಲಿ 50 ರೂಪಾಯಿ. ಒಂದು ಗ್ರಾಂ ಪ್ರೊಟೀನಿಗೆ ಅರ್ಧ ರೂಪಾಯಿಯೂ ಬೀಳುವುದಿಲ್ಲ. ಮೊಟ್ಟೆಗೆ ಏಳು ರೂಪಾಯಿ ಎಂದರೂ ಗ್ರಾಮಿಗೆ 1 ರೂಪಾಯಿ 17 ಪೈಸೆ. ತಮ್ಮ 2,600ರ ಡಬ್ಬಿಯಲ್ಲಿ, ಚಮಚಕ್ಕೆ 24 ಗ್ರಾಮಿನಂತೆ 33 ಚಮಚ ಹಿಡಿದರೆ, ಗ್ರಾಮಿಗೆ 3 ರೂಪಾಯಿ 28 ಪೈಸೆ.

ಜಯನಗರ:
ಲೆಕ್ಕ ಸರಿಯಿದೆ. ಆದರೆ ಸೋಯಾ ದಿನಕ್ಕೆ 50 ಗ್ರಾಂ ದಾಟಿದರೆ ನನ್ನ ಹೊಟ್ಟೆ ತಡೆಯುವುದಿಲ್ಲ. ಪನೀರಿನ ಲೆಕ್ಕವನ್ನೂ ಹಾಕಿ, 200 ಗ್ರಾಮಿಗೆ 95 ರೂಪಾಯಿ. ಗ್ರಾಮಿಗೆ 2 ರೂಪಾಯಿ 64 ಪೈಸೆ ಬೀಳುತ್ತದೆ, ಜೊತೆಗೆ ಕೊಬ್ಬೂ ಬರುತ್ತದೆ. ಅದನ್ನು ತಿನ್ನುವವರನ್ನು ಯಾರೂ ಪುಡಿ ತಿನ್ನುವವರಂತೆ ಬೈಯುವುದಿಲ್ಲ.

ಮದ್ದೂರು:
ಪನೀರಿನ ದರ ಒಪ್ಪಿದೆ. ಸೋಯಾವನ್ನು ಬಿಸಿನೀರಿನಲ್ಲಿ ನೆನೆಸಿ, ಎರಡು ಸಲ ಹಿಂಡಿ, ಬಸ್ಸಾರಿನ ಖಾರದಲ್ಲಿ ಬೇಯಿಸಿ ನೋಡಿ. ನಮ್ಮ ಮನೆಯಲ್ಲಿ ಹೀಗೆ ಮಾಡಿದ ಮೇಲೆ ಯಾರಿಗೂ ಹೊಟ್ಟೆ ಉಬ್ಬರಿಸಿಲ್ಲ.